ಸೈರಿಗೆ ಮಾತ್ರ ಪರವಾನಗಿ

ಶುಕ್ರವಾರ ದವಾಖಾನೆಗೆ ರಜೆ. ಆದರೂ ಮೌನಪ್ಪ ಬೆಳಿಗ್ಗೆ ಎದ್ದವನೇ ಕೋಟು ತೊಟ್ಟು, ಗುಂಡಿ ಹಾಕಿ, ಆಮೇಲೆ ನೆನಪಾಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿದ. ಹನ್ನೊಂದು ವರ್ಷದಿಂದ ಸುರಪುರದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನ ಕೈಗಳಿಗೆ ರಜೆಯ ದಿನ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಸುಮ್ಮನೆ ಕೂತಾಗಲೂ ಅವು ಬಾಟಲಿಗೆ ಅಂಟಿಸುವ ಅಳತೆಗುರುತಿನ ಕಾಗದ ಕತ್ತರಿಸುವ ಹಾಗೆ ಆಡುತ್ತಿದ್ದವು. ಇವತ್ತು ಹೆಚ್ಚೇ ಆಡುತ್ತಿದ್ದವು. ಯಾದಗಿರಿಯಿಂದ ಖಾಜಾಮಿಯಾ ಬರುವವನಿದ್ದ. ಸವಾರಿಯ ದಾರಿ ಇವತ್ತು ಗೊತ್ತುಮಾಡಬೇಕಿತ್ತು. ಸವಾರಿಯ ಯೋಚನೆಯಲ್ಲಿ ಕೌದಿಯ ಭಾಗ ಮೌನಪ್ಪನದು, ಫಟಫಟಿಯ, ಅಂದರೆ ಮೋಟಾರ್ ಸೈಕಲ್ಲಿನ, ಭಾಗ ಖಾಜಾಮಿಯಾನದು. ದವಾಖಾನೆಗೆ ಹೆರಿಗೆಗೆ ಬರುವ ಹೆಂಗಸರು ಬರೀ ಕಲ್ಲಿನ ಮೇಲೆ ಮಲಗುತ್ತಾರೆ, ಊರೂರಿಂದ ಒಂದೊಂದು ಕೌದಿ ಕೂಡಿಸಿದರೆ ಹೇಗೆ ಎಂದು ಮೌನಪ್ಪ ಹಿಂದೊಮ್ಮೆ ಬಾಯಿ ತಪ್ಪಿ ಅಂದಿದ್ದ. ಖಾಜಾಮಿಯಾ ಕೂತಲ್ಲಿಂದ ಎದ್ದುನಿಂತಿದ್ದ. "ಚಕ್ಕಡಿ ಹೊಡ್ಕೊಂಡು ಹೋಗಿ ಕೌದಿ ಕೊಡ್ರಿ ಅಂದ್ರ ಮಂದಿ ಬಾಗಿಲಾ ಮುಚ್ಚತಾರ. ಫಟಫಟಿ ಮ್ಯಾಲ ಹೋದ್ರ ಬಾಗಿಲಾ ತಗದು ಹೊರಗ ಓಡಿ ಬರ್ತಾರ. ನಮಗೂ ಮಜಾ, ಅವರಿಗೂ ಮಜಾ."

ಹತ್ತು ಗಂಟೆಯ ಹೊತ್ತಿಗೆ ಗುಡ್ಡದ ಆಚೆ ಶಬ್ದ ಕೇಳಿಸಿತು. ಮೊದಲು ಬಂಡೆಗಳಿಗೆ ಬಡಿದು ನಾಲ್ಕು ಕಡೆಯಿಂದ ಬಂದು, ಆಮೇಲೆ ಒಂದೇ ಆಗಿ, ಓಣಿಯ ನಾಯಿಗಳನ್ನೆಲ್ಲ ಎಬ್ಬಿಸಿ, ಮೌನಪ್ಪನ ಕಟ್ಟೆಯ ಮುಂದೆ ಕೆಮ್ಮಿ ನಿಂತಿತು. ಖಾಜಾಮಿಯಾ ಯಾದಗಿರಿಯ ಅರಳೆ ಗಿರಣಿಯಲ್ಲಿ ಮಿಸ್ತ್ರಿ. ಸೀಮೆ ಬಿಟ್ಟುಹೋದ ಯಾರೋ ಮ್ಯಾನೇಜರನ ಮುರುಕು ಗಾಡಿಯನ್ನು ಎರಡು ವರ್ಷ ಬಿಚ್ಚಿ ಜೋಡಿಸಿ ಜೀವ ಬರಿಸಿದವನು. ಇಳಿದವನೇ ಮುಖದ ಮೇಲಿನ ಧೂಳನ್ನೂ ಒರೆಸದೆ, ಒಲೆಯಿಂದ ಒಂದು ಇದ್ದಲಿ ಕೇಳಿ ತರಿಸಿಕೊಂಡು ಕಟ್ಟೆಯ ಕಲ್ಲಿನ ಮೇಲೆ ಗೆರೆ ಎಳೆಯತೊಡಗಿದ. "ಇದು ಯಾದಗಿರಿ ಟೇಶನ್. ಇಲ್ಲಿಂದ ನಾನು, ರಸ್ತೆ ಓವರ್ಸಿಯರ್ ಪರಮಣ್ಣ, ಎರಡು ಗಾಡಿ. ಮುದನಾಳದಾಗ ಮಜ್ಜಿಗಿ. ದೋರನಹಳ್ಳಿಯೊಳಗ ನಾಷ್ಟಾ. ಶಹಾಪುರದಾಗ ಅರಿವಿ ಅಂಗಡಿ ಅಮಾತೆಪ್ಪ ಕೂಡ್ತಾನ. ಸುರಪುರದ ಗುತ್ತೇದಾರ್ರು ಅಲ್ಲೀತನಕ ಎದುರು ಬರ್ತಾರ. ನಾಕು ಗಾಡಿ ಸಾಲಾಗಿ ಸುರಪುರ. ಇಲ್ಲಿ ನಿಲ್ಲಂಗಿಲ್ಲ. ಸೀದಾ ಬೋನಾಳ, ಕೆರಿ ಏರಿ ಮ್ಯಾಲ ಊಟ. ಹಕ್ಕಿ ನೋಡೂದು, ಒಂದೀಟು ಅಡ್ಡಾಗೂದು, ಹೊತ್ತು ಇಳಿಯೂದ್ರಾಗ ತಿರುಗಿ ಬಂದು ದವಾಖಾನಿ ಮುಂದ ಕೌದಿ ಇಳಸೂದು. ಹ್ಯಾಂಗ?"

"ಬೋನಾಳ ಬ್ಯಾಡ" ಎಂದ ಮೌನಪ್ಪ.

"ಯಾಕ?"

"ದಾರಿ ಚಲೋ ಇಲ್ಲ. ಕೆಸರು."

"ಬಹಮನ್ ತಿಂಗಳದಾಗ, ಇಂಥ ಚಳಿಗಾಲದಾಗ, ಕೆಸರು?" ಖಾಜಾಮಿಯಾ ಇದ್ದಲಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. "ಹೋದ ವಾರ ಗಿರಣಿ ಸೇಠರ ಕೂಡ ಬಾತುಕೋಳಿ ಬೇಟೆಗೆ ಹೋಗಿದ್ದೆ. ಗಾಡಿ ಹೂವಿನಂಗ ಹೋತು. ಇಷ್ಟು ದಾರ್ಯಾಗ ಮಜಾ ಅಂದ್ರ ಅದೊಂದಾ ಅದ, ಮೌನಪ್ಪ ಭಾಯಿ."

ಮೌನಪ್ಪ ಬೇರೆ ನೆವ ಹುಡುಕಿದ. ಕೆರೆಯಲ್ಲಿ ನೀರುಕೋಳಿ ಕೆಟ್ಟದಂತೆ, ಜ್ವರದ ಊರಂತೆ ಎಂದು ಏನೇನೋ ಗೊಣಗಿದ. ಸುಳ್ಳು ಹೇಳುವಾಗ ತನ್ನ ಎಡಗೈ ತಾನಾಗಿಯೇ ಸೊಂಟಕ್ಕೆ ಹೋಗುವುದನ್ನು ಅವನು ಒಂದು ವರ್ಷದಿಂದ ಗಮನಿಸಿದ್ದ, ಈಗಲೂ ಹೋಯಿತು. ಉಡದಾರಕ್ಕೆ ಕಟ್ಟಿದ ಕಪಾಟಿನ ಕೀಲಿ ಬೆರಳಿಗೆ ತಾಕಿತು. ಹೋದ ವರ್ಷ, ಇದೇ ಬಹಮನ್, ಬೆಳಗಿನ ಮಂಜು ಇನ್ನೂ ಬೇವಿನ ಗಿಡದಿಂದ ಇಳಿದಿರಲಿಲ್ಲ. ಬೋನಾಳದಿಂದ ಬಂದ ಚಕ್ಕಡಿಯಲ್ಲಿ ಒಬ್ಬ ಹೆಂಗಸು. ಹೆಸರು ಕೇಳಿ ಬರೆದುಕೊಂಡವನು ತಾನೇ: ಸುಗಲಮ್ಮ. ಡಾಕ್ಟರ್ ಸಾಹೇಬರು ಇನ್ನೂ ಮನೆಯಿಂದ ಬಂದಿರಲಿಲ್ಲ. ಆಯಾ ಮಲ್ಲಾಬಾಯಿ ಒಬ್ಬಳೇ ಎಲ್ಲ ಮಾಡಿದಳು. ಬರೀ ಕಲ್ಲಿನ ಮೇಲೆ ಕೂಸು ಹುಟ್ಟಿತು. ಹೆಂಗಸಿನ ಹಲ್ಲು ಕಟಕಟ ಅನ್ನುತ್ತಿದ್ದದ್ದು ಔಷಧದ ಕೋಣೆಯವರೆಗೂ ಕೇಳುತ್ತಿತ್ತು. ಕಪಾಟಿನಲ್ಲಿ ಕಲಬುರಗಿಯಿಂದ ಬಂದ ಕೆಂಪಂಚಿನ ನಾಲ್ಕು ಹೊಸ ಕಂಬಳಿಗಳಿದ್ದವು. ಆ ಮಧ್ಯಾಹ್ನ ಮೇಲಿನ ಸಾಹೇಬರ ತಪಾಸಣೆ. ಅಲ್ಲಿಯವರೆಗೆ ಅವುಗಳ ಘಡಿ, ಅಂದರೆ ಮಡಿಕೆ, ಮುರಿಯಕೂಡದೆಂದು ಡಾಕ್ಟರರ ಅಪ್ಪಣೆಯಾಗಿತ್ತು. "ತಮ್ಮಾ, ಒಂದು ಕಂಬಳಿ ತಗದು ಕೊಡು" ಎಂದು ಮಲ್ಲಾಬಾಯಿ ರಕ್ತದ ಕೈಯಲ್ಲೇ ಬಾಗಿಲಿಗೆ ಬಂದು ನಿಂತಾಗ ಅವನು ಅಂದಿದ್ದ, "ಕೀಲಿ ಡಾಕ್ಟರ್ ಸಾಹೇಬ್ರ ಹತ್ರ ಅದ." ಅಷ್ಟೇ. ಐದು ಮಾತು. ಮಲ್ಲಾಬಾಯಿ ತನ್ನ ಸೀರೆಯ ಸೆರಗನ್ನೇ ಹರಿದು ಕೂಸಿಗೆ ಸುತ್ತಿದಳು. ಮಧ್ಯಾಹ್ನ ಬಂದ ಮೇಲಿನ ಸಾಹೇಬರು ಕಪಾಟಿನ ಬಾಗಿಲನ್ನು ತೆಗೆಸಿಯೂ ನೋಡಲಿಲ್ಲ. ಕಿತ್ತಳೆಹಣ್ಣು ತಿಂದು, ಬಾವಿಯ ನೀರು ಚೆನ್ನಾಗಿದೆಯೆಂದು ಹೊಗಳಿ ಹೋದರು. ವಾರದ ಮೇಲೆ ಔಷಧಕ್ಕೆ ಬಂದ ಬೋನಾಳದ ಒಬ್ಬ ಮುದುಕ, ಬಾಟಲಿಯನ್ನು ಬಿಸಿಲಿಗೆ ಹಿಡಿದು ಗೆರೆ ನೋಡುತ್ತ, ಆ ಕೂಸು ಮೂರನೇ ದಿನಕ್ಕೆ ಹೋಯಿತೆಂದು ಮಳೆಯ ಮಾತಾಡುವ ಹಾಗೆ ಹೇಳಿದ್ದ.

"ಆತು, ಬೋನಾಳದ ಮಾತು ಆಮ್ಯಾಲ ನೋಡೋಣ" ಎಂದು ಖಾಜಾಮಿಯಾ ಇದ್ದಲಿಯ ಗೆರೆಯನ್ನು ಒಂದು ಕಡೆ ಅಂಗೈಯಿಂದ ಒರೆಸಿದ. ಕರಿ ಮಸಿ ಹರಡಿತು, ಗೆರೆ ಅಳಿಯಲಿಲ್ಲ. ಒಳಗಿನಿಂದ ಪಾರ್ವತೆಮ್ಮ ಚಹಾ ತಂದಿಟ್ಟು ಗಂಡನ ಮುಖವನ್ನೊಮ್ಮೆ, ಆ ಮಸಿಯನ್ನೊಮ್ಮೆ ನೋಡಿ ಹೋದಳು.

ಮುಂದಿನ ಕೆಲಸ ಪರವಾನಗಿಯದು. ನಾಲ್ಕು ಮಂದಿ ಕೂಡಿದರೂ ಹೈದರಾಬಾದಿನ ಸರಕಾರಕ್ಕೆ ಸಂಶಯ ಬರುವ ಕಾಲ. ದಾರಿಯ ಹೆಚ್ಚಿನ ಭಾಗ ಶಹಾಪುರದ ಹದ್ದಿನಲ್ಲಿದ್ದುದರಿಂದ ಅಲ್ಲಿಯ ಕಚೇರಿಗೇ ಅರ್ಜಿ ಕೊಡಬೇಕಿತ್ತು. ಮೌನಪ್ಪ ಎರಡು ದಿನ ಕೂತು, ಎರಡು ಕಾಗದ ಹರಿದು, ಉರ್ದುವಿನಲ್ಲಿ ಅರ್ಜಿ ಬರೆದ. ಔಷಧದ ಹೆಸರುಗಳನ್ನು ಬರೆಯುತ್ತಿದ್ದವನ ಅಕ್ಷರ ದುಂಡಗಿತ್ತು. ಆ ದುಂಡುತನದ ಮೇಲೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರರು ಅರ್ಜಿಯನ್ನು ದೂರ ಹಿಡಿದು ಓದಿದರು. ಒಂದು ಸಾಲಿಗೆ ಬಂದು ತಡೆದರು. ಮತ್ತೆ ಓದಿದರು. ಆಮೇಲೆ ಅವರ ಹೊಟ್ಟೆ ಕುಲುಕಾಡತೊಡಗಿತು. ಪಕ್ಕದ ಗುಮಾಸ್ತನಿಗೆ ತೋರಿಸಿದರು, ಅವನು ಇನ್ನೊಬ್ಬನಿಗೆ. ರಜಾಯಿ ಅಂದರೆ ಕೌದಿ. ಮೌನಪ್ಪ ಅದನ್ನು ಒಂದು ಅಕ್ಷರ ತಪ್ಪಿ ಬರೆದಿದ್ದ, ಉಚ್ಚಾರ ಒಂದೇ, ಬರಹದಲ್ಲಿ ಅರ್ಥ ಬೇರೆ: ಎದೆಹಾಲಿನಿಂದ ಆದ ಬಂಧು. "ನೋಡ್ರಿ ಕಂಪೌಂಡರ್ ಸಾಹೇಬ್ರ ಅರ್ಜಿ" ಎಂದು ಪೇಶಕಾರರು ಇಡೀ ಪಡಸಾಲೆಗೆ ಕೇಳುವಂತೆ ಹೇಳಿದರು, "ಊರೂರು ತಿರುಗಿ ಹಾಲುಣಿಸಿದ ಬಂಧುಗಳನ್ನ ಕೂಡಿಸಿ ಫಟಫಟಿ ಮ್ಯಾಲ ಹಾಕ್ಕೊಂಡು ಬರ್ತಾರಂತ!" ಕೆಲಸಕ್ಕೆ ಬಂದು ನಿಂತಿದ್ದ ರೈತರೂ ಏನೆಂದು ತಿಳಿಯದೆ ನಕ್ಕರು. ಮೌನಪ್ಪನಿಗೂ ನಗಬೇಕೆನ್ನಿಸಿತು, ನಗುವುದು ಸಭ್ಯತೆಯೆಂದು ತೋರಿತು, ಆದರೆ ತುಟಿ ಒಂದೇ ಕಡೆ ಎದ್ದು ಅಲ್ಲೇ ನಿಂತಿತು. ಕಿವಿ ಸುಡುತ್ತಿತ್ತು. ಹಾಲುಣಿಸಿದವಳು ಎನ್ನುವ ಮಾತೊಂದು ಒಳಗೆ ಹೋಗಿ ಕೂತು, ಬೋನಾಳದ ಆ ಹೆಂಗಸಿಗೆ ಮೂರು ದಿನದ ಮೇಲೆ ಎದೆಯ ಹಾಲನ್ನು ಏನು ಮಾಡಬೇಕಾಯಿತೋ ಎಂದು ಕೇಳತೊಡಗಿತು. ಇಂಥದನ್ನು ಅವನು ಇದುವರೆಗೆ ಯೋಚಿಸಿರಲಿಲ್ಲ. ಇಲ್ಲಿ, ಇಷ್ಟು ಜನರ ನಗುವಿನ ನಡುವೆ, ಯೋಚಿಸಬೇಕಾಯಿತು.

ಪೇಶಕಾರರು ಕೆಟ್ಟವರಲ್ಲ. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಸ್ಟೂಲು ತೋರಿಸಿದರು. "ಕೂಡ್ರಿ. ಕೌದಿ ಕೂಡಸೂದು ಅಂದ್ರ ಚಂದಾ ಆತು. ಚಂದಾ ಅಂದ್ರ ಪೊಲೀಸ್ ತನಿಖಿ, ಕಲಬುರಗಿ, ಅಲ್ಲಿಂದ ಹೈದ್ರಾಬಾದು. ನಿಮ್ಮ ಮಕ್ಕಳ ಲಗ್ನ ಆದ್ರೂ ಕಾಗದ ತಿರುಗಿ ಬರೂದಿಲ್ಲ. ಆದ್ರ ಸೈರಿಗೆ, ಅಂದ್ರ ಸುಮ್ಮ ಮಜಾಕ್ಕ ತಿರಗ್ಯಾಡಾಕ, ಯಾವ ಕಾಯ್ದಾದಾಗೂ ಮನಾಯಿ ಇಲ್ಲ." ತಾವೇ ಲೆಕ್ಕಣಿಕೆ ಎತ್ತಿ ಬೇರೆ ಅರ್ಜಿ ಬರೆದರು. ನಾಲ್ಕು ಫಟಫಟಿ, ಎಂಟು ಜನ, ಸೈರಿಗೆ ಮಾತ್ರ. ಭಾಷಣವಿಲ್ಲ, ಘೋಷಣೆಯಿಲ್ಲ, ಯಾರಿಂದಲೂ ಏನನ್ನೂ ಕೇಳತಕ್ಕದ್ದಲ್ಲ. ಮುದ್ರೆ ಒತ್ತಿ ಕೊಡುತ್ತ ಮೆಲ್ಲಗೆ ಅಂದರು: "ಜೊತಿಗೆ ಬಾಲಪ್ಪ ಅಂತ ಒಬ್ಬ ಜವಾನನ್ನ ಕಳಸ್ತಾರ, ನೋಡಾಕ. ಅವನ ಮುಂದ ಖುಷಿಯಿಂದಿರ್ರಿ, ಮತ್ತ. ಖುಷಿ ಇಲ್ಲಂದ್ರ ಪರವಾನಗಿ ಮುರದಂಗ."

ಮನೆಗೆ ಬಂದು ಕಾಗದವನ್ನು ಹೆಂಡತಿಯ ಮುಂದೆ ಬಿಚ್ಚಿದ. "ಕೇಳಂಗಿಲ್ಲಂತ. ಕೇಳಲಾರದ ಯಾರು ಕೊಡ್ತಾರ? ಬಿಟ್ಟುಬಿಡೂದು ಚಲೋ" ಎಂದ. ಬಿಟ್ಟುಬಿಡುವುದು ಎಂದಾಗ ಎದೆಯೊಳಗೆ ಏನೋ ಹಗುರಾದದ್ದನ್ನು ಕಂಡು ತನಗೇ ಹೇಸಿಕೆಯಾಯಿತು. ಪಾರ್ವತೆಮ್ಮ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಡಲಿಲ್ಲ. "ನೀವು ಕೇಳಬಾರದು ಅಂತ ಬರದಾರ. ಹೆಂಗಸರು ಮಾತಾಡಬಾರದು ಅಂತ ಬರದಾರೇನು?" ಮರುದಿನವೇ ಬಳೆಗಾರ್ತಿ ದುರಗಮ್ಮನನ್ನು ಕರೆದು ಕೂರಿಸಿ, ಕೈತುಂಬ ಹಸಿರು ಬಳೆ ಇಡಿಸಿಕೊಂಡು, ಎರಡು ತಾಸು ಮಾತಾಡಿದಳು. ದುರಗಮ್ಮ ಬಳೆಯ ಮಲಾರ ಹೆಗಲಿಗೇರಿಸಿ ಹೊರಟಳು. ಸುರಪುರದಿಂದ ಶಹಾಪುರ, ದೋರನಹಳ್ಳಿ, ಮುದನಾಳದವರೆಗೆ ಅವಳು ಕಾಲಿಡದ ಅಂಗಳವಿರಲಿಲ್ಲ. ಅವಳು ಕೈ ಹಿಡಿದು ಬಳೆ ಏರಿಸುವಾಗ ಎದುರಿನ ಹೆಂಗಸು ಎದ್ದುಹೋಗುವ ಹಾಗೂ ಇರಲಿಲ್ಲ. ಹತ್ತು ದಿನಕ್ಕೆ ತಿರುಗಿ ಬಂದವಳು ಮಲಾರ ಇಳಿಸುವ ಮೊದಲೇ ಹೇಳಿದಳು: "ಎಲ್ಲಾ ಊರಾಗೂ ಹೊಲ್ಯಾಕತ್ತಾರವ್ವ. ಮುದನಾಳದಾಗಂತೂ ಜಿದ್ದಿಗೆ ಬಿದ್ದಾರ, ಯಾರ ಕೌದಿಗೆ ಬಣ್ಣ ಹೆಚ್ಚು ಅಂತ. ಬೋನಾಳ ಒಂದಾ ಒಲ್ಲೆ ಅಂತದ."

ಔಷಧದ ಬಾಟಲಿ ತೊಳೆಯುತ್ತಿದ್ದ ಮೌನಪ್ಪ ತಲೆ ಎತ್ತಲಿಲ್ಲ. "ಯಾಕಂತ?" ಎಂದು ಪಾರ್ವತೆಮ್ಮನೇ ಕೇಳಿದಳು.

"ಸುಗಲಮ್ಮ ಅಂತ ಒಬ್ಬಾಕಿ ಅದಾಳ. ಆಕಿ ಒಲ್ಲೆ ಅಂದ್ರ ಉಳದವರೂ ಒಲ್ಲೆ. ಕೌದಿ ಕೊಡೂದು ಖರೆ, ಅದರ ಕೀಲಿ ಯಾರ ಹತ್ರ ಇರ್ತದ ಅಂತ ಕಂಪೌಂಡ್ರನ್ನ ಕೇಳಿ ಬಾ ಅಂದ್ಲು. ಕೌದಿಗೆ ಎಲ್ಲೀ ಕೀಲೀನವ್ವಾ? ನನಗೇನೂ ತಿಳೀಲಿಲ್ಲ."

ಬಾಟಲಿಯಿಂದ ನೀರು ಮೊಣಕೈಯವರೆಗೆ ಹರಿದು ತೋಳೊಳಗೆ ಇಳಿಯಿತು. ದುರಗಮ್ಮ ಹೋದ ಮೇಲೂ ಅವನು ಅದೇ ಬಾಟಲಿಯನ್ನು ತೊಳೆಯುತ್ತಿದ್ದ. ಸುಗಲಮ್ಮನಿಗೆ ಗೊತ್ತಿತ್ತು. ಒಂದು ವರ್ಷದಿಂದ ಗೊತ್ತಿತ್ತು. ತಾನು ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ನೆಂಟರ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಎರಡನೇ ಸಲ ಹುಗ್ಗಿ ಹಾಕಿಸಿಕೊಳ್ಳುವಾಗ, ಮೂರು ಹರದಾರಿ ದೂರವೂ ಇಲ್ಲದ ಊರಲ್ಲಿ ಒಬ್ಬಳಿಗೆ ಗೊತ್ತಿತ್ತು. ಹೆಂಡತಿ ಏನಾದರೂ ಕೇಳಲಿ ಎಂದು ಕಾದ. ಕೇಳಿದರೆ ಕೂಗಾಡಬಹುದಿತ್ತು. ಪಾರ್ವತೆಮ್ಮ ಕೇಳಲಿಲ್ಲ. ಎರಡು ರೊಟ್ಟಿ, ಒಂದು ಉಂಡೆ ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿ ಅವನ ಸೈಕಲ್ಲಿನ ಹಿಡಿಗೆ ತೂಗುಹಾಕಿದಳು. "ಆ ಮಾತಿಗೆ ಜವಾಬು ದುರಗಮ್ಮನ ಕೈಯಾಗ ಕಳಸೂದಲ್ಲ. ನೀವಾ ಹೋಗಿ ಬರ್ರಿ" ಎಂದಳು. ಎಂದವಳು ಅವನ ಕೋಟಿನ ಮೇಲಿನ ಗುಂಡಿ ಹಾಕಿ, ಒಂದು ಕ್ಷಣ ಅಂಗೈಯನ್ನು ಅಲ್ಲಿಯೇ ಇಟ್ಟು ತೆಗೆದಳು.

ದಾರಿ ಖಾಜಾಮಿಯಾ ಹೇಳಿದಂತೆ ಚೆನ್ನಾಗಿಯೇ ಇತ್ತು. ಎಲ್ಲಿಯೂ ಕೆಸರಿರಲಿಲ್ಲ. ಎರಡೂ ಕಡೆ ಜೋಳ ಆಳೆತ್ತರ ನಿಂತು ಹಾಲುಗಾಳು ಕಟ್ಟಿತ್ತು. ಸೈಕಲ್ಲಿನ ಸರಪಳಿಯ ಶಬ್ದ ಬಿಟ್ಟರೆ ಗರಿಗಳ ಸರಸರ ಅಷ್ಟೇ. ಕೆರೆ ಮೊದಲು ವಾಸನೆಯಾಗಿ ಬಂತು, ಆಮೇಲೆ ಹಕ್ಕಿಗಳ ಗದ್ದಲವಾಗಿ, ಕೊನೆಗೆ ನೀರಾಗಿ. ಸುಗಲಮ್ಮ ಎಲ್ಲಿ ಎಂದು ಕೇಳಿದಾಗ ಏರಿಯ ಕೆಳಗಿನ ಹೊಲ ತೋರಿಸಿದರು. ಹೊಲದ ನಡುವೆ ನಾಲ್ಕು ಕಂಬದ ಮಂಚಿಕೆ. ಅದರ ಮೇಲೆ ನಿಂತು ಒಬ್ಬ ಹೆಂಗಸು ಕವಣೆ ಬೀಸುತ್ತಿದ್ದಳು. ಕಲ್ಲು ಹೋದ ಕಡೆ ಗಿಳಿಗಳ ಹಿಂಡೊಂದು ಎದ್ದು ಹಸಿರು ಬಟ್ಟೆ ಝಾಡಿಸಿದ ಹಾಗೆ ತಿರುಗಿ ಇನ್ನೊಂದು ಹೊಲಕ್ಕೆ ಇಳಿಯಿತು. ಅವನು ಜೋಳದ ನಡುವೆ ದಾರಿ ಮಾಡಿಕೊಂಡು ಮಂಚಿಕೆಯ ಕೆಳಗೆ ನಿಂತು, ಕತ್ತು ಎತ್ತಿ, "ತಂಗೀ" ಎಂದ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅವಳ ಮುಖ ಕಾಣಲಿಲ್ಲ. ಕಪ್ಪಗೆ ಒಂದು ಆಕಾರ, ಕೈಯಲ್ಲಿ ತೂಗುವ ಕವಣೆ.

"ಕಂಪೌಂಡ್ರು ಬಂದ್ರು" ಎಂದಳು ಸುಗಲಮ್ಮ, ಯಾರಿಗೋ ಹೇಳುವ ಹಾಗೆ. ಇಳಿಯಲಿಲ್ಲ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಆವತ್ತ ಕೀಲಿ ನನ್ನ ಹತ್ರಾನ ಇತ್ತು" ಎಂದುಬಿಟ್ಟ. ಅಷ್ಟು ದೊಡ್ಡದಾಗಿ ಹೇಳಬೇಕಾಗಿರಲಿಲ್ಲ. ಮೇಲಿದ್ದವಳಿಗೆ ಕೇಳಲೆಂದು ಕೂಗಿದ್ದ, ಹೊಲವೆಲ್ಲ ಕೇಳಿಸಿಕೊಂಡಿತು.

"ಗೊತ್ತದ. ನಿಮ್ಮ ಉಡದಾರದಾಗ ತೂಗಾಡೂದು ಕಂಡಿತ್ತು. ನೆಲದ ಮ್ಯಾಲ ಮಕ್ಕೊಂಡವರಿಗೆ ನಿಂತವರ ಮಾರಿ ಕಾಣೂದಿಲ್ಲ, ಸೊಂಟ ಕಾಣ್ತದ." ಅವಳು ಬಾಗಿ ಇನ್ನೊಂದು ಕಲ್ಲು ಆರಿಸಿ ಕವಣೆಯಲ್ಲಿಟ್ಟಳು. "ಈಗ ಯಾಕ ಹೇಳಾಕ ಬಂದ್ರಿ? ನಿಮ್ಮ ಎದಿ ಹಗುರ ಮಾಡ್ಕೊಳ್ಳಾಕ?"

"ಹೌದು" ಎಂದ ಮೌನಪ್ಪ.

ಕವಣೆ ಎರಡು ಸುತ್ತು ತಿರುಗಿ ಚಟ್ಟೆಂದಿತು. ಕಲ್ಲು ಎಲ್ಲಿ ಬಿತ್ತೋ ಕಾಣಲಿಲ್ಲ. ಅವಳು ಆ ಕಡೆಯೇ ನೋಡುತ್ತ ಅಂದಳು: "ಚಳಿಗೆ ಹೋತೋ, ಅದರ ಆಯುಷ್ಯಾನ ಅಷ್ಟಿತ್ತೋ, ನನಗ ತಿಳಿದಿಲ್ಲ. ನಿಮಗೂ ತಿಳಿದಿಲ್ಲ. ಇನ್ನ ತಿಳಿಯೂದೂ ಇಲ್ಲ. ನೀವು ಕಂಬಳಿ ಕೊಟ್ಟಿದ್ರ ಕೂಸು ಉಳೀತಿತ್ತು ಅಂತ ನಾ ಅನ್ನೂದಿಲ್ಲ. ಕೊಟ್ಟಿದ್ರ ಆ ಮೂರು ದಿನ ಬೆಚ್ಚಗರ ಇರ್ತಿತ್ತು." ಧ್ವನಿ ಏರಲಿಲ್ಲ, ಇಳಿಯಲೂ ಇಲ್ಲ. ಮೌನಪ್ಪ ಮಂಚಿಕೆಯ ಕಂಬ ಹಿಡಿದುಕೊಂಡ. ಅದರ ತೊಗಟೆಯ ಮೇಲೆ ಇರುವೆಗಳ ಸಾಲು ಮೇಲಕ್ಕೆ ಹೋಗುತ್ತಿತ್ತು. ಅವನ ಬೆರಳು ಅಡ್ಡ ಬಂದಲ್ಲಿ ಸುತ್ತುಹಾಕಿ ಮತ್ತೆ ಸಾಲು ಹಿಡಿಯುತ್ತಿತ್ತು. ಅಳು ಬಂದೀತೆಂದು ಹೆದರಿದ. ಅಳುವುದಕ್ಕೂ ತನಗೆ ಇಲ್ಲಿ ಹಕ್ಕಿಲ್ಲವೆನ್ನಿಸಿತು.

"ಫಟಫಟಿ ಮ್ಯಾಲ ಬಂದು ಕೌದಿ ಒಯ್ತೀರಿ" ಎಂದಳು ಅವಳು. "ಒಯ್ದು ಅದಾ ಕಪಾಟಿನಾಗ ಹಾಕ್ತೀರಿ. ಮುಂದ ಯಾರರ ದೊಡ್ಡ ಸಾಹೇಬ್ರು ಬರ್ತಾರ. ಘಡಿ ಮುರೀಬ್ಯಾಡ ಅಂತಾರ. ಮತ್ತ ನೀವು ಕೀಲಿ ಇಲ್ಲ ಅಂತೀರಿ. ಅದಕ್ಕ ನಾವು ರಾತ್ರಿ ಹಗಲಿ ಹೊಲೀಬೇಕೇನು?"

"ಹಂಗಾದ್ರ ಏನು ಮಾಡೂದು, ನೀನಾ ಹೇಳು."

ಈ ಮಾತಿಗೆ ಅವಳು ಮೊದಲ ಸಲ ಕೆಳಗೆ ನೋಡಿದಳು. ಮಂಚಿಕೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಾಗ ಮುಖ ಕಂಡಿತು: ಚಿಕ್ಕ ವಯಸ್ಸು, ಅವನು ನೆನಪಿಟ್ಟುಕೊಂಡಿದ್ದಕ್ಕಿಂತ ಎಷ್ಟೋ ಚಿಕ್ಕದು. "ಮಲ್ಲಾಬಾಯಿ ಮನಿ ದವಾಖಾನಿ ಗ್ವಾಡಿಗೇ ಹತ್ತಿ ಅದ ಅಲ್ಲೇನು? ಆಕಿ ಮನಿಯಾಗ ಇಡ್ರಿ. ಆ ಮನಿಗೆ ಬಾಗಿಲಾನ ಸರಿಯಾಗಿ ಮುಚ್ಚೂದಿಲ್ಲ, ನಾ ನೋಡೇನಿ. ಹಡಿಯಾಕ ಬಂದಾಕಿ ಒಯ್ಲಿ. ಕೂಸಿನ ಕೂಡ ಊರಿಗೆ ಒಯ್ಲಿ. ಹತ್ತು ದಿನದ ಮ್ಯಾಲ ಒಗದು ತಂದಿಡ್ಲಿ. ಹಂಗಾದ್ರ ಬೋನಾಳ ಕೊಡ್ತದ."

"ಆಗ್ಲಿ" ಎಂದ ಮೌನಪ್ಪ. ಡಾಕ್ಟರರು ಏನನ್ನುತ್ತಾರೋ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಅವಳು ಎದ್ದು ಮತ್ತೆ ಕವಣೆ ಬೀಸಿದಳು, ಮಾತು ಮುಗಿದಿತ್ತು. ಹೋಗಿ ಬರ್ತೇನೆ ಎನ್ನಬೇಕೋ ಬೇಡವೋ ತಿಳಿಯದೆ ಅವನು ಸೈಕಲ್ಲಿನ ಹತ್ತಿರ ಬಂದ. ದಾರಿಯಲ್ಲಿ ಒಂದು ಕಡೆ ಕೂತು ರೊಟ್ಟಿ ಬಿಚ್ಚಿದ. ಹಸಿವು ನಾಚಿಕೆಯಿಲ್ಲದ್ದು, ಎರಡೂ ರೊಟ್ಟಿ ತಿಂದ.

ಸವಾರಿಗೆಂದು ಮೌನಪ್ಪ ಹಿಂದಿನ ಸಂಜೆಯೇ ಬಸ್ಸು ಹಿಡಿದು ಯಾದಗಿರಿಗೆ ಹೋಗಿದ್ದ. ಅವನಿಗೆ ಫಟಫಟಿ ನಡೆಸಲು ಬರುತ್ತಿರಲಿಲ್ಲ. ಇಷ್ಟೆಲ್ಲ ಯೋಜನೆ ಮಾಡಿದವನು ಖಾಜಾಮಿಯಾನ ಬೆನ್ನಿಗೆ ಅಂಟಿಕೊಂಡು ಕಣ್ಣುಮುಚ್ಚಿ ಕೂತ. ಜವಾನ ಬಾಲಪ್ಪ ಪರಮಣ್ಣನ ಹಿಂದೆ. ಅವನೂ ಮೊದಲ ಸಲ ಹತ್ತಿದವನು. ಪರಮಣ್ಣನ ಹೊಟ್ಟೆಯ ಸುತ್ತ ಕೈ ಸಾಲದೆ ಅಂಗಿಯನ್ನೇ ಹಿಡಿದು, ಹಳ್ಳ ಬಂದಾಗಲೆಲ್ಲ ಮೌನೇಶ್ವರನನ್ನು ಕೂಗುತ್ತಿದ್ದ. ಮುದನಾಳ ತಲುಪುವ ಮೊದಲೇ ಊರು ರಸ್ತೆಗೆ ಬಂದು ನಿಂತಿತ್ತು. ಯಾರೂ ಏನೂ ಕೇಳಲಿಲ್ಲ. ಖಾಜಾಮಿಯಾ ಗಾಡಿ ನಿಲ್ಲಿಸಿ, ಟೊಪ್ಪಿಗೆ ತೆಗೆದು, "ಸೈರಿಗೆ ಹೊಂಟೇವ್ರಿ, ಸುಮ್ಮ ಸೈರಿಗೆ" ಎಂದು ಬಾಲಪ್ಪನಿಗೆ ಕೇಳುವಂತೆ ಹೇಳಿದ. ಹೆಂಗಸರು ಕಿಸಕ್ಕನೆ ನಕ್ಕು, ಒಬ್ಬೊಬ್ಬರಾಗಿ ಮುಂದೆ ಬಂದು ಗಾಡಿಗಳ ಮೇಲೆ ಕೌದಿ ಹೇರತೊಡಗಿದರು. ಇಳಕಲ್ಲ ಸೀರೆಯ ಸೆರಗು, ಹಳೆ ರುಮಾಲು, ತೀರಿಹೋದ ಯಾರದೋ ಅಂಗಿಯ ತುಂಡು, ಮದುವೆಯ ಕುಪ್ಪಸ. ಎಲ್ಲವೂ ಸೂಜಿಯ ಸಾಲಿನಲ್ಲಿ ಸೇರಿ ಮೆತ್ತಗೆ, ಭಾರವಾಗಿ ಬಂದು ತೊಡೆಯ ಮೇಲೆ ಬಿದ್ದವು. ಬಾಲಪ್ಪ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೋದ. "ಹಿಡೀರಿ ಜವಾನ್ರ, ಸುಮ್ನ ಕುಂತೀರಿ" ಎಂದು ಒಬ್ಬ ಮುದುಕಿ ಅವನ ಕೈಗೂ ಎರಡು ಇಟ್ಟಳು. ದೋರನಹಳ್ಳಿಯಲ್ಲಿ ನಾಷ್ಟಾ ಮಾಡುವಾಗ ಬಾಲಪ್ಪ ತಾನಾಗಿಯೇ ಕೌದಿಗಳಿಗೆ ಹಗ್ಗ ಬಿಗಿಯುತ್ತಿದ್ದ. "ನಾ ಕಂಡಂಗ ಯಾರೂ ಕೇಳಿಲ್ಲ" ಎಂದ, ಮಂಡಾಳ ಒಗ್ಗರಣೆ ತುಂಬಿದ ಬಾಯಲ್ಲಿ. "ಬರೇ ಸೈರ್ ಆಗ್ಯದ."

ಶಹಾಪುರದಲ್ಲಿ ಅಮಾತೆಪ್ಪ ಕನ್ನಡಕ ಹಾಕಿ, ಕೊರಳಿಗೆ ರೇಷ್ಮೆ ವಸ್ತ್ರ ಸುತ್ತಿ ಕಾದಿದ್ದ. ಗುತ್ತೇದಾರರ ಗಾಡಿ ಎರಡು ಸಲ ಕೆಟ್ಟು ಎರಡು ಸಲ ಸರಿಹೋಯಿತು. ಗುಡ್ಡ ಬಲಕ್ಕೆ ಬಿಟ್ಟು ನಾಲ್ಕೂ ಸಾಲಾಗಿ ಹೊರಟಾಗ ಮೌನಪ್ಪ ಒಮ್ಮೆ ಕಣ್ಣು ತೆರೆದ. ಮುಂದೆ ಕೌದಿಗಳ ಗುಡ್ಡ, ಹಿಂದೆ ಕೌದಿಗಳ ಗುಡ್ಡ, ನಡುವೆ ತಾನು; ಕಾಣುತ್ತಿದ್ದದ್ದು ಒಂದು ಗೇಣು ಆಕಾಶ. ಗಾಳಿ ಕಿವಿಯಲ್ಲಿ ತುಂಬಿ ಯಾವ ಯೋಚನೆಯನ್ನೂ ಪೂರ್ತಿ ಮಾಡಗೊಡಲಿಲ್ಲ. ತಾನು ನಗುತ್ತಿದ್ದೇನೆಂದು ಅವನಿಗೆ ತಿಳಿದದ್ದು ಹಲ್ಲಿಗೆ ಧೂಳು ತಾಕಿದಾಗ. ಆ ಹೆಂಗಸು, ಆ ಕಲ್ಲು, ಆ ಬೆಳಗು ಎಲ್ಲವೂ ಇದ್ದಲ್ಲೇ ಇದ್ದವು. ಅವುಗಳ ಜೊತೆಗೇ ನಗು ಬರುತ್ತಿತ್ತು. ಇದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳುವಷ್ಟರಲ್ಲಿ ಗಾಡಿ ಇನ್ನೊಂದು ಹಳ್ಳ ಇಳಿದು ಏರಿತು.

ಬೋನಾಳದ ಏರಿಯ ಮೇಲೆ ಊಟವಾಯಿತು. ರೊಟ್ಟಿ, ಬದನೆಕಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಬಾತುಗಳು ನಾಲ್ಕು ಗಾಡಿಯ ಶಬ್ದಕ್ಕೆ ಎದ್ದುಹೋಗಿ, ತಿರುಗಿ ಬಂದು ದೂರದ ನೀರಿನಲ್ಲಿ ಇಳಿದವು. ಊರಿನ ಹೆಂಗಸರು ಬಂದರು, ಸುಗಲಮ್ಮ ಮುಂದೆ. ತನ್ನ ಕೌದಿಯನ್ನು ಮೌನಪ್ಪನ ಕೈಗೆ ಕೊಡದೆ ಗಾಡಿಯ ಮೇಲಿಟ್ಟಳು. "ಇದು ಮಲ್ಲಾಬಾಯಿ ಮನಿಗೆ. ದವಾಖಾನಿಗಲ್ಲ" ಎಂದಳು. ಅವಳ ಮುಖದಲ್ಲಿ ಅವನಿಗಾಗಿ ಯಾವ ಮೆದುತನವೂ ಇರಲಿಲ್ಲ. ಇರಬೇಕಾಗಿಯೂ ಇಲ್ಲವೆಂದು ಮೌನಪ್ಪನಿಗೆ ಅನಿಸಿ, ವಿಚಿತ್ರವಾಗಿ, ಒಂದು ತರಹದ ಸಮಾಧಾನವಾಯಿತು. ಆಮೇಲೆ ಅವಳು ಖಾಜಾಮಿಯಾನ ಕಡೆ ತಿರುಗಿ ಕೇಳಿದಳು: "ಇದು ಹೆಂಗಸರನ್ನ ಹೊರ್ತದೇನಣ್ಣ?" ಹೆಂಗಸರೆಲ್ಲ ಹೋ ಎಂದರು. ಖಾಜಾಮಿಯಾ ಸೀಟನ್ನು ತೋಳಿನಿಂದ ಒರೆಸಿದ. "ಹೊರ್ತದ ತಂಗಿ, ಆದ್ರ ಚೀರಬಾರದು." ಅವಳು ಅಡ್ಡಗಾಲು ಹಾಕಿ ಕೂತು ಏರಿಯ ಉದ್ದಕ್ಕೂ ಹೋಗಿ ಬಂದಳು. ಚೀರಿದಳು, ಹೋಗುವಾಗಲೂ, ಬರುವಾಗಲೂ. ಇಳಿದಾಗ ಕೂದಲೆಲ್ಲ ಬಿಚ್ಚಿ, ಕಣ್ಣಲ್ಲಿ ನೀರು ಬಂದು, ಕಾಲು ನೆಲಕ್ಕೆ ನಿಲ್ಲದೆ ಪಕ್ಕದವಳ ಭುಜ ಹಿಡಿದು ನಗುತ್ತಿದ್ದಳು. ಮೌನಪ್ಪ ಆ ಕಡೆ ನೋಡುವುದನ್ನು ಬಿಟ್ಟು ನೀರಿನ ಕಡೆ ನೋಡಿದ. ಅದು ಅವಳ ನಗು, ತಾನು ನೋಡತಕ್ಕದ್ದಲ್ಲ.

ಇಳಿಹೊತ್ತಿಗೆ ಸುರಪುರ. ಡಾಕ್ಟರ್ ಸಾಹೇಬರು ದವಾಖಾನೆಯ ಮೆಟ್ಟಿಲ ಮೇಲೆ ನಿಂತಿದ್ದರು. ನಾಲ್ಕು ಗಾಡಿಯ ಮೇಲಿನ ಬಣ್ಣ ನೋಡಿ ಅವರ ಮುಖ ಅರಳಿತು. "ಶಾಬಾಸ್! ಎಲ್ಲಾ ಒಳಗ ತಗೊಂಡು ಕಪಾಟಿನಾಗ ಇಡಸು, ಮೌನಪ್ಪ. ಬರೂ ತಿಂಗಳು ಬಡೇ ಸಾಹೇಬ್ರ ಮುಆಯನಾ, ತಪಾಸಣಿ ಅದ. ಅಲ್ಲೀತನಕ ಯಾರೂ ಕೈ ಹಚ್ಚಬಾರದು."

"ಇಲ್ರಿ" ಎಂದ ಮೌನಪ್ಪ.

ಡಾಕ್ಟರರಿಗೆ ಕೇಳಿಸಲಿಲ್ಲ. ಹನ್ನೊಂದು ವರ್ಷದಲ್ಲಿ ಕೇಳಿರದ ಶಬ್ದವಾದ್ದರಿಂದ ಕಿವಿ ಹಿಡಿಯಲಿಲ್ಲ. ಮೌನಪ್ಪ ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಿತ್ತು. "ಇಲ್ರಿ ಸಾಹೇಬ್ರ. ಇವು ಕಪಾಟಿಗೆ ಹೋಗೂದಿಲ್ಲ. ಮಲ್ಲಾಬಾಯಿ ಮನಿಯಾಗ ಇರ್ತಾವ. ಹಡಿಯಾಕ ಬಂದವರು ಒಯ್ತಾರ, ತರ್ತಾರ. ನಾ ಮಾತು ಕೊಟ್ಟೇನ್ರಿ."

"ಯಾರಿಗೆ ಕೊಟ್ಟಿ ಮಾತು? ನಿನ್ನ ನೌಕರಿ ನೆನಪದ ಏನು?"

"ನೆನಪದ್ರಿ." ಮೌನಪ್ಪ ಗಾಡಿಯ ಮೇಲಿನ ಕೌದಿಗಳ ಹಗ್ಗ ಬಿಚ್ಚತೊಡಗಿದ. ಖಾಜಾಮಿಯಾ ಗಾಡಿಯ ಯಾವುದೋ ತಿರುಪಿನ ಮೇಲೆ ಬಗ್ಗಿ ಅದನ್ನೇ ತಿರ‍್ರನೆ ತಿರುಗಿಸುತ್ತಿದ್ದ. ಜವಾನ ಬಾಲಪ್ಪ ಎರಡೂ ಕೈತುಂಬ ಕೌದಿ ಹಿಡಿದು, ಡಾಕ್ಟರರನ್ನೂ ಮೌನಪ್ಪನನ್ನೂ ನೋಡಿ, ಆಮೇಲೆ ನಿಧಾನವಾಗಿ ಮಲ್ಲಾಬಾಯಿಯ ಮನೆಯ ಕಡೆ ನಡೆಯತೊಡಗಿದ. ಡಾಕ್ಟರರು ಅವನ ಬೆನ್ನನ್ನು ನೋಡಿದರು. "ನಾಳೆ ಹತ್ತಕ್ಕ ನನ್ನ ಕೋಣಿಗೆ ಬಾ" ಎಂದು ಒಳಗೆ ಹೋದರು. ನಾಳೆ ಏನಾಗುತ್ತದೋ ಮೌನಪ್ಪನಿಗೆ ಗೊತ್ತಿರಲಿಲ್ಲ. ಪಾರ್ವತೆಮ್ಮನಿಗೆ ಹೇಳಬೇಕು, ಹೇಳಿದರೆ ಅವಳು ಮೊರ ಕೆಳಗಿಡದೆ ಏನನ್ನುತ್ತಾಳೋ ಕೇಳಬೇಕು ಎಂದುಕೊಳ್ಳುತ್ತಿರುವಾಗ ಒಳಗಿನಿಂದ ಮಲ್ಲಾಬಾಯಿ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

"ತಮ್ಮಾ, ನಿಂತು ಏನು ನೋಡಾಕತ್ತೀ? ಕೃಷ್ಣಾ ದಂಡಿಯಿಂದ ಹಣಮಂತಮ್ಮ ಬಂದಾಳ, ಮೀನು ಹಿಡಿಯೋರ ಮನಿಯಾಕಿ. ಹೊತ್ತು ಆಗ್ಯದ. ಒಂದು ಕೊಡು, ಜಲ್ದಿ!"

ಅವನು ಗಾಡಿಯ ಮೇಲಿಂದ ಕೈಗೆ ಬಂದದ್ದನ್ನು ಎಳೆದುಕೊಂಡು ಓಡಿದ. ಯಾವ ಊರಿನದೋ, ಯಾರು ಹೊಲಿದದ್ದೋ. ಕೋಣೆಯ ಹೊಸ್ತಿಲವರೆಗೆ ಹೋಗಿ, ಮುಖ ತಿರುಗಿಸಿ, ಒಳಗೆ ಕೈ ಚಾಚಿದ. ಮಲ್ಲಾಬಾಯಿ ಕಸಿದುಕೊಂಡು ಹಾಸಿದ ಸಪ್ಪಳ ಕೇಳಿತು. ಆಮೇಲೆ ಒಳಗಿನಿಂದ, ನೋವಿನ ನಡುವೆ ಸಿಕ್ಕ ಒಂದು ಬಿಡುವಿನಲ್ಲಿ, ಹೆಂಗಸಿನ ಏದುಸಿರಿನ ದನಿ: "ಯವ್ವಾ, ಇದೇನ ನಾರತದ?"

"ಫಟಫಟಿ ಎಣ್ಣಿ" ಎಂದಳು ಮಲ್ಲಾಬಾಯಿ. "ದಿನಾ ಪೂರ್ತಿ ಅದರ ಮ್ಯಾಲ ಕುಂತು ಬಂದದ."

"ಹಂಗಾದ್ರ ನನ್ನ ಕೂಸು ಹುಟ್ಟಿದಾಕ್ಷಣಾನ ಓಡ್ತದ ಬಿಡು" ಎಂದಳು ಹಣಮಂತಮ್ಮ. ಅಂದವಳಿಗೇ ನಗು ಒತ್ತರಿಸಿ ಬಂತು, ನಗುವಿನ ಹಿಂದೆಯೇ ಇನ್ನೊಂದು ನೋವು ಬಂತು, ಎರಡೂ ಸೇರಿ ಯಾವುದು ಯಾವುದೆಂದು ತಿಳಿಯದಂಥ ಒಂದು ಕೂಗು ಬಾಗಿಲ ಹೊರಗೆ ನಿಂತ ಮೌನಪ್ಪನನ್ನು ಹಾದು ಅಂಗಳಕ್ಕೆ ಹೋಯಿತು.

"ನಗೂದು ಆಮ್ಯಾಲ" ಎಂದಳು ಮಲ್ಲಾಬಾಯಿ. "ಈಗ ನೂಕು."